ಓಡುವ ಅಕ್ಷರದ ಬೆನ್ನು ಹತ್ತಿ

ಆಷಾಢದ ಮಳೆ ಹಿಡಿದು ಒಂಬತ್ತು ದಿನ. ಕಾಡಿನ ದಾರಿಯಲ್ಲಿ ಇಂಬಳ, ಬೈನಾಕ್ಯುಲರಿನ ಗಾಜಿಗೆ ಬೂಷ್ಟು. ಹಕ್ಕಿ ನೋಡಲು ಹೋಗಲಾಗದ ಸಂಜೆಗಳಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಟಿವಿ ಮುಂದೆ ಕೂತೆ. ನಾನು ನೋಡುತ್ತಿದ್ದದ್ದು ವಾರ್ತೆಯನ್ನಲ್ಲ, ಅದರ ಕೆಳಗೆ ಬಲದಿಂದ ಎಡಕ್ಕೆ ಓಡುವ ಅಕ್ಷರಗಳ ಸಾಲನ್ನು. ಹಕ್ಕಿ ಮತ್ತೆ ಅದೇ ಕೊಂಬೆಗೆ ಅದೇ ವೇಗದಲ್ಲಿ ಬರುತ್ತದೆಂಬ ಭರವಸೆ ಇಲ್ಲ. ಈ ಸಾಲು ಬರುತ್ತದೆ, ಎಷ್ಟು ಹೊತ್ತು ಬೇಕಾದರೂ.

ಮೊದಲ ದಿನ ಬರೆದುಕೊಂಡದ್ದು: ‘ರಾಷ್ಟ್ರ’ ಎಂಬ ಪದ ಓಡಿಬಂದಾಗ ‘ರಾ’ ಸರಿಯಾಗಿ ಕಾಣುತ್ತದೆ. ‘ಷ’ದ ಕೆಳಗಿನ ಎರಡು ಒತ್ತುಗಳು ಒಂದರೊಳಗೊಂದು ಕರಗಿ ಉಂಡೆಯಾಗುತ್ತವೆ. ನಮ್ಮದು ಅಂಗಡಿಯವರು ಎಲ್‌ಇಡಿ ಎಂದು ಮಾರುವ ಟಿವಿ. ಒಳಗಿರುವುದು ಎಲ್‌ಸಿಡಿ ಪರದೆ, ಅದರ ಬೆನ್ನಿಗೆ ಎಲ್‌ಇಡಿ ದೀಪ. ಪರದೆ ಎಳೆದಾಡುತ್ತಿದೆ ಎಂದುಕೊಂಡು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದೆ. ಫೋಟೊದಲ್ಲಿ ಎರಡೂ ಒತ್ತುಗಳು ಬೇರೆಬೇರೆಯಾಗಿ ನಿಂತಿದ್ದವು! ಹಿಂದಿನ ಚಿತ್ರದ ತೆಳು ನೆರಳೊಂದು ಪಕ್ಕದಲ್ಲಿತ್ತು, ಅಷ್ಟೇ. ಉಂಡೆ ಇರಲಿಲ್ಲ.

ಎರಡನೆಯ ದಿನ ಪರದೆಯ ಅಂಚಿಗೆ ಬೆರಳಿಟ್ಟು, ದೃಷ್ಟಿಯನ್ನು ಬೆರಳ ತುದಿಗೇ ಕಟ್ಟಿಹಾಕಿದೆ. ಆಗ ಅಕ್ಷರಗಳು ಓಡಲಿಲ್ಲ, ಹೆಜ್ಜೆ ಹಾಕಿದವು. ಒಂದೊಂದು ಹೆಜ್ಜೆಯೂ ಸ್ಪಷ್ಟ. ಕಣ್ಣು ಬಿಡಿಸಿಕೊಂಡು ಮತ್ತೆ ಅಕ್ಷರದ ಬೆನ್ನು ಹತ್ತಿತೋ ಇಲ್ಲವೋ, ಒತ್ತು ಕರಗಿತು.

ಕಾರಣ ತಿಳಿಯಲು ಗಡಿಯಾರ ಹಿಡಿದೆ. ಒಂದು ಅಕ್ಷರ ಬಲದಂಚಿನಿಂದ ಎಡದಂಚಿಗೆ ಬರಲು 8 ಸೆಕೆಂಡ್. ಪರದೆಯ ಅಗಲ 1920 ಚುಕ್ಕಿ. ಅಂದರೆ ಸೆಕೆಂಡಿಗೆ 240 ಚುಕ್ಕಿ. ನಮ್ಮ ದೇಶದ ಪ್ರಸಾರ ಸೆಕೆಂಡಿಗೆ 50ರ ಲೆಕ್ಕದಲ್ಲಿ ನಡೆಯುವುದರಿಂದ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಹೆಚ್ಚುಕಡಿಮೆ ಐದು ಚುಕ್ಕಿಯ ಜಿಗಿತ. ಒಂದೊಂದು ಚಿತ್ರವೂ 20 ಮಿಲಿಸೆಕೆಂಡ್ ಅಲುಗದೆ ನಿಲ್ಲುತ್ತದೆ. ಬೆನ್ನು ಹತ್ತಿದ ಕಣ್ಣು ಮಾತ್ರ ನಿಲ್ಲುವುದಿಲ್ಲ, ಗಾಳಿಯಲ್ಲಿ ತೇಲುವ ಗರುಡನಂತೆ ಒಂದೇ ಸಮ ಜಾರುತ್ತಿರುತ್ತದೆ. ನಿಂತ ಚಿತ್ರ ಜಾರುವ ಕಣ್ಣಿನ ಪರದೆಯ ಮೇಲೆ ಐದು ಚುಕ್ಕಿಯಗಲ ಸವರಿಹೋಗುತ್ತದೆ. ಒತ್ತಕ್ಷರದ ಗೆರೆ ಅದಕ್ಕಿಂತ ಹೆಚ್ಚು ದಪ್ಪವೇನಿಲ್ಲ. ಬೇಟೆಯನ್ನೋ ಬೀಳುವ ಹಣ್ಣನ್ನೋ ಹಿಂಬಾಲಿಸಿ ಪಳಗಿದ ಕಣ್ಣು ನಮ್ಮದು. ಸರಾಗವಾಗಿ ಚಲಿಸುವ ಲೋಕಕ್ಕೆ ಅದು ಹೊಂದಿಕೊಂಡಿದೆ. ನಿಂತು ನಿಂತು ನೆಗೆಯುವ ವಸ್ತು ಅದಕ್ಕೆ ಹೊಸದು.

ಅಟ್ಟದ ಮೇಲಿದ್ದ ಡಬ್ಬಾ ಟಿವಿಯನ್ನು ಇಳಿಸಿ ಸೆಟ್ ಟಾಪ್ ಬಾಕ್ಸಿನ ವಯರು ಸಿಕ್ಕಿಸಿದ್ದು ನಾಲ್ಕನೆಯ ದಿನ. ಚಿತ್ರ ಒರಟು, 625 ಗೆರೆಗಳ ಕಾಲದ್ದು. ಆದರೆ ಓಡುವ ಸಾಲು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು. ಪಕ್ಕದಲ್ಲಿ ದೊಡ್ಡ ಟಿವಿ, ಅದೇ ಚಾನೆಲ್, ಅದೇ ಪದ. ಡಬ್ಬಾದಲ್ಲಿ ಒತ್ತು ಓದಬಹುದು, ದೊಡ್ಡದರಲ್ಲಿ ಆಗದು. ಆ ಸಂಜೆ ನನಗಾದ ಸಂತೋಷ ಹೊಸ ಗೂಡು ಕಂಡಾಗ ಆಗುವಂಥದ್ದೇ.

ಎರಡರ ಮುಂದೆಯೂ ಪೆನ್ಸಿಲನ್ನು ಬೀಸಣಿಗೆಯಂತೆ ಬೀಸಿ ನೋಡಿದೆ. ದೊಡ್ಡ ಟಿವಿಯ ಬೆಳಕಿನಲ್ಲಿ ಮಸುಕಾದ ಒಂದೇ ರೆಕ್ಕೆ ಕಂಡಿತು. ಡಬ್ಬಾ ಟಿವಿಯ ಮುಂದೆ ಬಿಡಿಬಿಡಿ ಪೆನ್ಸಿಲುಗಳ ಸಾಲೇ ನಿಂತಿತು. ಹಳೆಯ ಟ್ಯೂಬ್‌ಲೈಟಿನ ಕೆಳಗೆ ಫ್ಯಾನಿನ ರೆಕ್ಕೆ ನಿಂತಂತೆ ಕಾಣುತ್ತದಲ್ಲ, ಅದೇ ಬಗೆ. ಡಬ್ಬಾ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈಯ ಫಾಸ್ಫರ್ ಲೇಪವನ್ನು ತಾಗಿ ಹೋಗುತ್ತದೆ. ತಾಗಿದ ಚುಕ್ಕಿ ಒಂದು ಕ್ಷಣ ಮಿನುಗಿ, ಮತ್ತೆ ಸರದಿ ಬರುವ ತನಕ ಕಪ್ಪಗಿರುತ್ತದೆ. ಕಣ್ಣು ಜಾರುವಾಗ ಸವರಲು ಅಲ್ಲಿ ಚಿತ್ರವೇ ಇಲ್ಲ. ಚಲನೆಯನ್ನು ತಿದ್ದಿ ಕೊಡುತ್ತಿದ್ದದ್ದು ನಡುವಿನ ಆ ಕತ್ತಲೆ. ಆ ಗಾಜಿನ ಮೇಲೆ ಒಂದು ನೊಣ ಕೂತಿತ್ತು. ನೊಣದ ಕಣ್ಣು ಸೆಕೆಂಡಿಗೆ 200ಕ್ಕೂ ಹೆಚ್ಚು ಮಿನುಗನ್ನು ಬಿಡಿಯಾಗಿ ಗುರುತಿಸಬಲ್ಲದು, ನಮಗೆ ಸೇರಿಹೋಗುವ ಈ ಕತ್ತಲೆ ಅದಕ್ಕೆ ಕಾಣುತ್ತಲೇ ಇದ್ದೀತು.

ಇನ್ನು ಫೋಟೊದಲ್ಲಿ ಕಂಡ ಆ ತೆಳು ನೆರಳು. ಅದು ಎಲ್‌ಸಿಡಿ ಪರದೆಯೊಳಗಿನ ದ್ರವಸ್ಫಟಿಕದ (ಲಿಕ್ವಿಡ್ ಕ್ರಿಸ್ಟಲ್) ಹುಟ್ಟುಗುಣ. ನಾಚಿಕೆಮುಳ್ಳನ್ನು ಮುಟ್ಟಿ ನೋಡಿ: ಮಡಚುವುದು ಥಟ್ಟನೆ, ಬಿಚ್ಚಿಕೊಳ್ಳುವುದು ಸಾವಕಾಶ. ಈ ಅಣುಗಳೂ ಹಾಗೇ. ವಿದ್ಯುತ್ ಒತ್ತಡ ಬಿದ್ದಾಗ ಬೇಗ ತಿರುಗುತ್ತವೆ, ಬಿಟ್ಟಾಗ ತಮ್ಮ ಸೆಳೆತದಿಂದಲೇ ನಿಧಾನ ಮರಳುತ್ತವೆ. ಒತ್ತಡ ತೀರಾ ಕಡಿಮೆಯಿದ್ದರೆ ತಿರುಗುವುದೂ ನಿಧಾನ. ನಮ್ಮ ಟಿವಿಯಲ್ಲಿರುವಂಥ, ವಿಎ ಎಂಬ ಬಗೆಯ ಎಲ್‌ಸಿಡಿ ಪರದೆಗಳಲ್ಲಿ ಕಪ್ಪಿನಿಂದ ಕಡುಬೂದಿಗೆ ಏರುವುದು ಎಲ್ಲಕ್ಕಿಂತ ತಡ. ಅದಕ್ಕೇ ಕಾಡಿನ ನೆರಳಲ್ಲಿ ಕಾಜಾಣ ಹಾರಿದ ದೃಶ್ಯದಲ್ಲಿ ಹಕ್ಕಿಗೆ ಇರುವ ಕವಲು ಬಾಲದ ಹಿಂದೆ ಇನ್ನೊಂದು ಮಸಿಯ ಬಾಲ ಕಂಡದ್ದು.

ದ್ರವಸ್ಫಟಿಕವನ್ನು 1888ರಲ್ಲಿ ಮೊದಲು ಗಮನಿಸಿದವರು ಫ್ರೀಡ್ರಿಕ್ ರೈನಿಟ್ಜರ್, ಪ್ರಾಗ್‌ನಲ್ಲಿದ್ದ ಸಸ್ಯಶಾಸ್ತ್ರಜ್ಞ. ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟರಾಲ್ ಪರೀಕ್ಷಿಸುತ್ತಿದ್ದಾಗ, ಒಂದೇ ವಸ್ತು ಎರಡು ಸಲ ಕರಗುವುದನ್ನು ಕಂಡವರು. ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಎಲ್‌ಸಿಡಿ ಪರದೆಗಳಿಗೆ ಹಚ್ಚಿದ ತೆಳುಪೊರೆಗಳಲ್ಲಿ ಅಂಥ ಅಣುಗಳು ಬಳಕೆಗೆ ಬಂದವು. ಟಿವಿ ಅಂಗಡಿಗಳಲ್ಲಿ ಯಾರೂ ಹೇಳದ ಈ ಸಂಗತಿ ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಬೆಂಗಳೂರಿಗೆ ಹೋದಾಗ ಅಕ್ಕನ ಮನೆಯ ಟಿವಿಯಲ್ಲೂ ನೋಡಿದೆ, ಅದು ಓಎಲ್‌ಇಡಿ. ಇಲ್ಲಿ ಚುಕ್ಕಿಗಳು ತಾವೇ ಬೆಳಗುತ್ತವೆ, ಬದಲಾಗಲು ಒಂದು ಮಿಲಿಸೆಕೆಂಡೂ ಬೇಡ. ಮಸಿಬಾಲ ಮಾಯವಾಗಿತ್ತು. ಒತ್ತಕ್ಷರ? ಕರಗಿಯೇ ಇತ್ತು. ಎಷ್ಟೇ ಬೇಗ ಬದಲಾದರೂ ಮುಂದಿನ ಚಿತ್ರ ಬರುವವರೆಗೆ ಅದೂ ನಿಂತೇ ಇರುತ್ತದೆ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾದಲ್ಲಿ ಕ್ಯಾಮೆರಾ ಗುಡ್ಡದ ಸಾಲಿನ ಮೇಲೆ ಹೊರಳಿದಾಗಲಂತೂ ಮರಗಳು ಕುಪ್ಪಳಿಸಿದವು. ಎಲ್‌ಸಿಡಿಯ ಸೋಮಾರಿತನ ಆ ಕುಪ್ಪಳಿಕೆಯನ್ನು ಸ್ವಲ್ಪ ಮರೆಸುತ್ತಿತ್ತು ಎಂದು ಗೊತ್ತಾದದ್ದೇ ಅಲ್ಲಿ. ಪ್ಲಾಸ್ಮಾ ಪರದೆಯನ್ನು ವರ್ಷಗಳ ಹಿಂದೆ ಗೆಳೆಯರ ಮನೆಯಲ್ಲಿ ನೋಡಿದ್ದೆ. ಮಿನುಗಿ ಆರುವ ಜಾತಿ, ಚಲನೆಯಲ್ಲಿ ಗಟ್ಟಿ. ಹಸಿರು ಫಾಸ್ಫರ್ ಸ್ವಲ್ಪ ತಡವಾಗಿ ಆರುವುದರಿಂದ ಓಡುವ ಬಿಳಿಯ ಹಿಂದೆ ಹಳದಿ-ಹಸಿರು ಅಂಚು ಉಳಿಯುತ್ತಿತ್ತು. ಈಗ ಅದನ್ನು ತಯಾರಿಸುವವರಿಲ್ಲ.

ಅಕ್ಕನ ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಆಯ್ಕೆ ಚಾಲೂ ಇತ್ತು. ಎರಡು ಚಿತ್ರಗಳ ನಡುವೆ ಇಲ್ಲದ ಒಂದನ್ನು ಟಿವಿಯೇ ಊಹಿಸಿ ತುಂಬುತ್ತದೆ. ಮಿಂಚುಳ್ಳಿ ನೀರಿಗೆ ಬೀಳುವ ದೃಶ್ಯವನ್ನು ಹತ್ತಾರು ಸಲ ಹಿಂದೆಮುಂದೆ ಮಾಡಿ ನೋಡಿದೆ. ಮೈ ಸರಾಗವಾಗಿ ಇಳಿಯುತ್ತಿತ್ತು, ರೆಕ್ಕೆಯ ತುದಿ ಮಾತ್ರ ಹರಿದು ನೀರಿನ ಬಣ್ಣ ಮೆತ್ತಿಕೊಂಡಿತ್ತು. ರೆಕ್ಕೆ ಬಡಿತ ಎಣಿಸಿ ಬರೆದುಕೊಳ್ಳುವ ನನ್ನಂಥವನಿಗೆ ಇದನ್ನು ಒಪ್ಪಲಾಗಲಿಲ್ಲ. ಯಾವ ಹಕ್ಕಿಯೂ ಹಿಡಿಯದ ಭಂಗಿ ಅದು. ಅಕ್ಕನನ್ನು ಕೇಳಿಯೇ ಆ ಆಯ್ಕೆ ತೆಗೆದೆ.

ಊರಿಗೆ ಮರಳಿ ನಮ್ಮ ಟಿವಿಯಲ್ಲೂ ಹುಡುಕಿದೆ. ಪ್ರತಿ ಚಿತ್ರಕ್ಕೊಮ್ಮೆ ಹಿಂಬದಿಯ ದೀಪವನ್ನು ಕ್ಷಣಕಾಲ ಆರಿಸುವ ಆಯ್ಕೆ ಸಿಕ್ಕಿತು. ಡಬ್ಬಾ ಟಿವಿಯ ಕತ್ತಲೆಯನ್ನೇ ಸಾಲ ತಂದ ಹಾಗೆ. ಒತ್ತಿದೆ. ಕಣ್ಣಂಚಿನಲ್ಲಿ ಪರದೆ ಸಣ್ಣಗೆ ನಡುಗಿತು, ಬೆಳಕು ಅರ್ಧಕ್ಕಿಳಿಯಿತು. ‘ರಾಷ್ಟ್ರ’ ಬಂತು. ಎರಡೂ ಒತ್ತುಗಳು ಬೇರೆಬೇರೆ, ಓಡುತ್ತಲೇ ಓದಬಹುದಾಗಿತ್ತು.

ಒಳಗಿನಿಂದ ಬಂದ ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. “ಏನು ಮಾಡಿದ್ಯೋ, ಟಿವಿ ಮಂಕಾಯ್ತಲ್ಲ. ಯಾರ ಮುಖವೂ ಕಾಣ್ತಿಲ್ಲ.”

ಆಯ್ಕೆಯನ್ನು ಮತ್ತೆ ಮೊದಲಿನಂತೆ ಮಾಡಿದೆ. ಮುಖಗಳು ಬೆಳಗಿದವು, ಕೆಳಗಿನ ಸಾಲಿನಲ್ಲಿ ಒತ್ತುಗಳು ಕೂಡಿಕೊಂಡವು.