ಚಿತ್ರಸಂತೆಗೆ ಹೋಗೋಣ ಬನ್ನಿ!

ನಿಮ್ಮ ಮನೆಯ ಹಜಾರದ ಗೋಡೆಗಳ ಮೇಲೆ ಏನೇನಿದೆ, ಒಮ್ಮೆ ಕಣ್ಣಾಡಿಸಿ. ಬಾಗಿಲ ಮೇಲೆ ಲಕ್ಷ್ಮಿ, ಸರಸ್ವತಿ, ಗಣಪತಿಯರ ಪಟ. ಪಕ್ಕದಲ್ಲಿ ತೀರಿಹೋದ ಹಿರಿಯರ ಫೋಟೋ, ಅದಕ್ಕೊಂದು ಗಂಧದ ಹಾರ. ಜವಳಿ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು. ಇಷ್ಟೇ ತಾನೆ? ಇವೆಲ್ಲ ಇರಬೇಕಾದವೇ, ಬೇಡವೆಂದವರು ಯಾರು? ಆದರೆ ಒಬ್ಬ ಕಲಾವಿದ ಕೈಯಾರೆ ಬರೆದ ಒಂದು ಚಿತ್ರ? "ಅಯ್ಯೋ, ಅದೆಲ್ಲ ಬಂಗಲೆಯವರಿಗೆ ರೀ. ನಮ್ಮಂಥವರಿಗೆಲ್ಲಿ ಬಂತು!" ಎಂದು ನೀವು ನಗಬಹುದು.

ಹಾಗೆ ನಕ್ಕು ಸುಮ್ಮನಾಗುವ ನಮ್ಮಂಥವರಿಗೆಂದೇ ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ಒಂದು ಸಂತೆ ನೆರೆಯುತ್ತದೆ. ಅದೇ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಮನೆಗೊಂದು ಕಲಾಕೃತಿ ಇರಲಿ, ಅದು ಸಾಮಾನ್ಯರ ಕೈಗೆಟುಕುವಂತಿರಲಿ ಎಂಬುದೇ ಅದರ ಉದ್ದೇಶ.

ರಸ್ತೆಯೇ ಗ್ಯಾಲರಿ

ಆರ್ಟ್ ಗ್ಯಾಲರಿ ಎಂದರೆ ನಮಗೆ ಒಂದು ಬಗೆಯ ಅಳುಕು. ಗಾಜಿನ ಬಾಗಿಲು, ನಿಶ್ಶಬ್ದ, ಇಂಗ್ಲಿಷಿನಲ್ಲಿ ಮಾತಾಡುವ ಜನ. ಬೆಲೆ ಕೇಳಿದರೆ ಏನಂದುಕೊಂಡಾರೋ ಎಂಬ ಸಂಕೋಚ ಬೇರೆ. ಸಂತೆ ಎಂದರೆ ಹಾಗಲ್ಲ. ಸಂತೆ ನಮ್ಮದು. ಅಲ್ಲಿ ನೋಡುವುದಕ್ಕೆ, ಕೇಳುವುದಕ್ಕೆ, ಮುಂದಕ್ಕೆ ಹೋಗಿ ಮತ್ತೆ ಹಿಂದಿರುಗಿ ಬಂದು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಸಾಮಾನ್ಯವಾಗಿ ಜನವರಿ ತಿಂಗಳ ಆರಂಭದ ಒಂದು ಭಾನುವಾರ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ತಡೆದು, ಇಕ್ಕೆಲಗಳಲ್ಲೂ ಕಲಾವಿದರಿಗೆ ಜಾಗ ಮಾಡಿಕೊಡುತ್ತಾರೆ. ಸಾವಿರಕ್ಕೂ ಮಿಕ್ಕಿ ಕಲಾವಿದರು. ನಮ್ಮ ಜಿಲ್ಲೆಗಳಿಂದ ಬಂದವರು, ನೆರೆ ರಾಜ್ಯಗಳವರು, ಉತ್ತರ ಭಾರತದ ದೂರದೂರುಗಳವರು. ಜಲವರ್ಣ, ತೈಲವರ್ಣ, ಅಕ್ರಿಲಿಕ್, ಪೆನ್ಸಿಲ್ ಚಿತ್ರ, ಮಧುಬನಿ, ತಂಜಾವೂರು ಶೈಲಿ, ನಮ್ಮ ಮೈಸೂರು ಶೈಲಿ, ಏನುಂಟು ಏನಿಲ್ಲ! ಒಂದು ಕಡೆ ಸ್ಟೂಲಿನ ಮೇಲೆ ಕೂಡಿಸಿ ನಿಮ್ಮ ಮಗುವಿನ ಮುಖವನ್ನು ಕೆಲವೇ ನಿಮಿಷಗಳಲ್ಲಿ ಬರೆದುಕೊಡುವವರೂ ಇದ್ದಾರೆ. ಬೆಲೆ ನೂರು ರೂಪಾಯಿಯಿಂದ ಹಿಡಿದು ಲಕ್ಷ ರೂಪಾಯಿಗಳವರೆಗೆ. ಲಕ್ಷದ ಚಿತ್ರವನ್ನು ಕಣ್ತುಂಬ ನೋಡಿಕೊಂಡು, ನೂರಿನ್ನೂರರ ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡು ಬನ್ನಿ. ಯಾರೂ ಬೇಡವೆನ್ನುವುದಿಲ್ಲ.

ವರ್ಷ ವರ್ಷವೂ ಸಂತೆಯನ್ನು ಯಾರಿಗಾದರೂ ಅರ್ಪಿಸುವ ಪದ್ಧತಿ ಇದೆ. 2019ರಲ್ಲಿ ಗಾಂಧೀಜಿಗೆ, 2020ರಲ್ಲಿ ರೈತರಿಗೆ, 2024ರಲ್ಲಿ ಇಸ್ರೋ ವಿಜ್ಞಾನಿಗಳಿಗೆ. 2025ರ ಜನವರಿ 5ರಂದು ನಡೆದ 22ನೆಯ ಸಂತೆಯನ್ನು ಅರ್ಪಿಸಿದ್ದು ಹೆಣ್ಣುಮಗುವಿಗೆ. ಕೊರೊನಾ ಕಾಲದಲ್ಲೂ ಸಂತೆ ಪೂರ್ತಿ ನಿಲ್ಲಲಿಲ್ಲ. 2021ರಲ್ಲಿ ಆನ್‌ಲೈನ್ ಮೂಲಕ ನಡೆಯಿತು, 2022ರಲ್ಲಿ ಜನವರಿಯ ಬದಲು ಮಾರ್ಚ್ ತಿಂಗಳಲ್ಲಿ ರಸ್ತೆಗೆ ಮರಳಿತು.

ಸಂತೆಯ ಹಿಂದಿನ ಮನೆ

ಪರಿಷತ್ತು ಹುಟ್ಟಿದ್ದು 1960ರಲ್ಲಿ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ಪ್ರೊ. ಎಂ. ಎಸ್. ನಂಜುಂಡರಾವ್. ಹಳ್ಳಿ ಹಳ್ಳಿ ಸುತ್ತಿ, ಅಟ್ಟದ ಮೇಲೆ ಧೂಳು ಹಿಡಿಯುತ್ತಿದ್ದ ತೊಗಲುಗೊಂಬೆಗಳನ್ನೂ ಹಳೆಯ ಮೈಸೂರು ಚಿತ್ರಗಳನ್ನೂ ಹುಡುಕಿ ಉಳಿಸಿದವರು ಅವರು. ಆ ಗೊಂಬೆಗಳನ್ನು ಇಂದಿಗೂ ಪರಿಷತ್ತಿನ ಗ್ಯಾಲರಿಯಲ್ಲಿ ನೋಡಬಹುದು. ಚಿತ್ರನಟಿ ದೇವಿಕಾರಾಣಿಯವರ ಹೆಸರು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಅವರ ಪತಿ, ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ್ದ ರಷ್ಯನ್ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರ ವರ್ಣಚಿತ್ರಗಳೂ ಅಲ್ಲಿವೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ದೇಶಕ್ಕೆಲ್ಲ ಹೆಸರಾದ ಕೆ. ಕೆ. ಹೆಬ್ಬಾರರ ಕೃತಿಗಳಿಗೂ ಅಲ್ಲಿ ಸ್ಥಾನವಿದೆ. ಹಳ್ಳಿಗಾಡಿನಲ್ಲಿ ಹುಟ್ಟಿದ ಮಗು ಏನಾಗಬಲ್ಲದು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ನಮ್ಮ ಕೈಯ ಕಲೆ

ಚಿತ್ರ ಬರೆಯುವುದು ನಮಗೆ ಹೊಸದೇನಲ್ಲ ಸೋದರಿಯರೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನೇ ನೋಡಿ. ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಮೂಡಲೇಬೇಕು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಬುಟ್ಟಿಯ ಮೇಲೂ ಚಿತ್ತಾರ. ಬಿಳಿ ಬಣ್ಣಕ್ಕೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಕೆಮ್ಮಣ್ಣು. ಕುಂಚವೋ, ಪುಂಡಿ ನಾರಿನದು. ಅಳತೆಗೋಲಿಲ್ಲದೆ ಆ ಗೆರೆಗಳು ಎಷ್ಟು ನೇರ! ಎಲ್ಲ ಸಾಮಾನೂ ಅಡಿಗೆಮನೆಯದು, ಹಿತ್ತಿಲಿನದು. ಅಂಗಡಿಯಿಂದ ತಂದದ್ದು ಒಂದೂ ಇಲ್ಲ.

ಆದರೆ ಈಗ ಮಣ್ಣಿನ ಗೋಡೆಗಳು ಎಲ್ಲಿವೆ? ಸಿಮೆಂಟು ಬಂತು, ಡಿಸ್ಟೆಂಪರ್ ಬಂತು, ಗೋಡೆಯ ಜತೆ ಚಿತ್ತಾರವೂ ಅಳಿಯತೊಡಗಿತು. ಉಳಿಯಬೇಕಾದರೆ ಅದು ಕಾಗದಕ್ಕೆ, ಬಟ್ಟೆಗೆ ಇಳಿಯಬೇಕಾಯಿತು. ಕಾಗದಕ್ಕೆ ಇಳಿದ ಮೇಲೆ ಕೊಳ್ಳುವವರು ಬೇಕು. ಕೊಳ್ಳುವವರಿಲ್ಲದಿದ್ದರೆ ಅಜ್ಜಿಯಿಂದ ಮೊಮ್ಮಗಳಿಗೆ ಆ ಗೆರೆ ದಾಟುವುದಿಲ್ಲ. "ಅದರಿಂದ ಹೊಟ್ಟೆ ತುಂಬುತ್ಯೇ?" ಎಂದು ಮೊಮ್ಮಗಳು ಕೇಳಿದರೆ ಅಜ್ಜಿ ಏನು ಹೇಳಿಯಾಳು?

ಮೈಸೂರು ಶೈಲಿಯ ಚಿತ್ರಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರಂಥ ಅರಸರ ಆಶ್ರಯದಲ್ಲಿ ಅರಳಿದ ಕಲೆಗೆ ಇಂದು ಅರಮನೆಯ ಆಶ್ರಯವಿಲ್ಲ, ನಮ್ಮ ನಿಮ್ಮ ಮನೆಗಳ ಆಶ್ರಯವೇ ಗತಿ. ಅಂದಹಾಗೆ, ಮೈಸೂರು ಚಿತ್ರಕ್ಕೂ ತಂಜಾವೂರು ಚಿತ್ರಕ್ಕೂ ವ್ಯತ್ಯಾಸ ತಿಳಿಯಬೇಕೆ? ತಂಜಾವೂರಿನದರಲ್ಲಿ ಚಿನ್ನದ ಕೆಲಸ ದಪ್ಪಗೆ ಉಬ್ಬಿರುತ್ತದೆ, ಹರಳುಗಳನ್ನೂ ಕೂಡಿಸುತ್ತಾರೆ. ಮೈಸೂರಿನದರಲ್ಲಿ ಉಬ್ಬು ತೀರ ತೆಳುವು. ನವುರಾದ ಗೆರೆ, ತಣ್ಣನೆಯ ಬಣ್ಣ, ಶಾಂತವಾದ ಮುಖಭಾವ.

ಕೊಳ್ಳುವ ಮುನ್ನ

ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ಜರಿ ಉಜ್ಜಿ ನೋಡುವ ನಿಮಗೆ ಚಿತ್ರ ಕೊಳ್ಳುವುದು ಕಷ್ಟವಲ್ಲ. ಈ ಕೆಲವು ಮಾತು ನೆನಪಿರಲಿ:

• ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಜನಜಂಗುಳಿ. ಕಾಲಿಗೆ ಹಿತವಾದ ಚಪ್ಪಲಿ, ಕೈಚೀಲದಲ್ಲಿ ನೀರು, ತಲೆಗೆ ಒಂದು ಛತ್ರಿ ಇರಲಿ.

• ಮೊದಲು ಒಂದು ಸುತ್ತು ಸುಮ್ಮನೆ ನೋಡಿ. ಮನಸ್ಸಿಗೆ ಹಿಡಿದದ್ದು ಯಾವ ಮಳಿಗೆಯಲ್ಲಿತ್ತೆಂದು ಗುರುತು ಹಾಕಿಕೊಳ್ಳಿ. ಎರಡನೆಯ ಸುತ್ತಿನಲ್ಲೂ ಅದೇ ಚಿತ್ರ ಕರೆದರೆ ಅದೇ ನಿಮ್ಮದು.

• ಅಚ್ಚು ಹಾಕಿದ್ದೋ, ಕೈಯಲ್ಲಿ ಬರೆದದ್ದೋ ಎಂದು ನೇರವಾಗಿ ಕೇಳಿ. ಚಿತ್ರವನ್ನು ಓರೆಯಾಗಿ ಹಿಡಿದರೆ ಕುಂಚದ ಗುರುತು, ಬಣ್ಣದ ದಪ್ಪ ತೆಳುವು ಕಾಣುತ್ತದೆ. ಅಚ್ಚಿನ ಚಿತ್ರ ಎಲ್ಲೆಡೆ ಒಂದೇ ಸಮ ಇರುತ್ತದೆ. ಅಚ್ಚಿನ ಪ್ರತಿ ಕೊಂಡರೆ ತಪ್ಪಲ್ಲ, ಆದರೆ ಅಚ್ಚಿನ ಬೆಲೆಗೆ ಕೊಳ್ಳಿ.

• ಯಾವ ಕಾಗದ, ಯಾವ ಬಣ್ಣ ಎಂದು ವಿಚಾರಿಸಿ. ಬರೆದವರೇ ಎದುರಿಗಿರುತ್ತಾರೆ, ಸಂತೋಷದಿಂದ ಹೇಳುತ್ತಾರೆ. ಅವರ ಸಹಿ ಮತ್ತು ಇಸವಿ ಚಿತ್ರದ ಮೇಲಿದೆಯೇ ನೋಡಿ.

• ಗೋಡೆಯ ಅಳತೆಯನ್ನು ಮನೆಯಲ್ಲೇ ತೆಗೆದು ಬರೆದುಕೊಂಡು ಹೋಗಿ. ಚೌಕಟ್ಟಿಲ್ಲದ ಚಿತ್ರ ಅಗ್ಗ, ಬಸ್ಸಿನಲ್ಲಿ ತರುವುದೂ ಸುಲಭ. ಚೌಕಟ್ಟನ್ನು ನಿಮ್ಮೂರಿನಲ್ಲೇ ಕಟ್ಟಿಸಬಹುದು.

ಇನ್ನು ಚೌಕಾಸಿಯ ಮಾತು. ನಮಗದು ಹುಟ್ಟುಗುಣ, ನಿಜ. ಆದರೆ ಇಲ್ಲಿ ಸ್ವಲ್ಪ ಕೈ ಬಿಗಿ ಹಿಡಿಯಿರಿ. ಬಣ್ಣ, ಕ್ಯಾನ್ವಾಸು, ಚೌಕಟ್ಟು, ಊರಿಂದ ಬಂದ ಬಸ್ ಚಾರ್ಜು, ವಸತಿ, ಊಟ, ಇಷ್ಟೆಲ್ಲ ಕಳೆದು ಉಳಿದದ್ದು ಆತನ ಹಲವು ದಿನಗಳ ಕೂಲಿ. ಇಡೀ ದಿನ ಬಿಸಿಲಲ್ಲಿ ಕೂತು ಒಂದೂ ಮಾರದೆ, ತಂದ ಚಿತ್ರಗಳನ್ನೆಲ್ಲ ಮತ್ತೆ ಸುತ್ತಿಕೊಂಡು ರಾತ್ರಿ ಬಸ್ಸು ಹತ್ತುವವರೂ ಇರುತ್ತಾರೆ. "ಸ್ವಲ್ಪ ಕಡಿಮೆ ಮಾಡ್ಕೊಡ್ತೀರಾ?" ಎಂದು ಒಮ್ಮೆ ಕೇಳಿದರೆ ತಪ್ಪಿಲ್ಲ. ಅರ್ಧಕ್ಕೆ ಕೇಳಿ, "ಇದನ್ನ ನಮ್ಮ ಪುಟ್ಟಿನೂ ಬರೀತಾಳೆ" ಎಂದು ಹೇಳಿ ಮುಂದೆ ಹೋಗುವುದು ಮಾತ್ರ ಬೇಡ. ಕೊಳ್ಳಲಾಗದಿದ್ದರೆ "ಚೆನ್ನಾಗಿದೆ" ಎಂದು ಹೇಳಿ ಹೋಗಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ!

ಮನೆಗೆ ತಂದ ಮೇಲೆ

ಕಾಗದದ ಮೇಲಿನ ಜಲವರ್ಣಕ್ಕೆ ಗಾಜು ಬೇಕೇ ಬೇಕು. ಆದರೆ ಗಾಜು ಚಿತ್ರಕ್ಕೆ ತಾಗಬಾರದು. ನಡುವೆ ದಪ್ಪ ಕಾಗದದ ಅಂಚು ಕೊಟ್ಟು ಕಟ್ಟುವಂತೆ ಚೌಕಟ್ಟಿನವರಿಗೆ ಹೇಳಿ. ಕ್ಯಾನ್ವಾಸಿನ ಮೇಲಿನ ತೈಲವರ್ಣಕ್ಕೆ, ಅಕ್ರಿಲಿಕ್ಕಿಗೆ ಗಾಜು ಬೇಡ. ಕ್ಯಾನ್ವಾಸನ್ನು ಸುರುಳಿ ಸುತ್ತಿ ತರುವುದಾದರೆ ಬಣ್ಣದ ಮೈ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ. ಒಳಮುಖ ಮಾಡಿ ಬಿಗಿಯಾಗಿ ಸುತ್ತಿದರೆ ಬಣ್ಣ ಮುದುಡಿ ಬಿರುಕು ಬಿಡಬಹುದು.

ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಒಗ್ಗರಣೆ ಹೊಗೆ ಬರುವ ಜಾಗವೂ ಬೇಡ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಎಚ್ಚರವಾಗಿರಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಸಣ್ಣ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಿ ಬೂಷ್ಟು ಹಿಡಿಯುವುದು ತಪ್ಪುತ್ತದೆ. ಒದ್ದೆ ಬಟ್ಟೆಯಿಂದ ಚಿತ್ರವನ್ನು ಎಂದೂ ಒರೆಸಬೇಡಿ. ಒಣಗಿದ ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು. ಚಿತ್ರದ ನಡುಭಾಗ ನಿಂತವರ ಕಣ್ಣಿನ ಮಟ್ಟಕ್ಕೆ ಬರುವಂತೆ ತೂಗುಹಾಕಿ.

ನೀವೂ ಬರೆಯುವವರಾದರೆ

ಮದುವೆಗೆ ಮುಂಚೆ ಚೆನ್ನಾಗಿ ಚಿತ್ರ ಬರೆಯುತ್ತಿದ್ದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆಮೇಲೆ ಸಂಸಾರ, ಮಕ್ಕಳು, ಬಾಣಂತನ, ಹಬ್ಬ ಹರಿದಿನ. ಬಣ್ಣದ ಪೆಟ್ಟಿಗೆ ಟ್ರಂಕಿನ ತಳ ಸೇರಿತು. ಸಂತೆಯಲ್ಲಿ ಮಳಿಗೆ ಇಟ್ಟು ಕೂತ ಹೆಂಗಸರನ್ನು ಮಾತಾಡಿಸಿ ನೋಡಿ, ಅವರೆಲ್ಲ ದೊಡ್ಡ ದೊಡ್ಡ ಕಲಾಶಾಲೆಗಳಲ್ಲಿ ಕಲಿತವರೇ ಆಗಬೇಕಿಲ್ಲ. ಸಂತೆಗೆ ಮುಂಚೆ ಪರಿಷತ್ತು ಕಲಾವಿದರಿಂದ ಅರ್ಜಿ ಕರೆಯುತ್ತದೆ, ಆಯ್ಕೆಯಾದವರಿಗೆ ಮಳಿಗೆ ಸಿಗುತ್ತದೆ. ಪತ್ರಿಕೆಗಳಲ್ಲಿ ಪ್ರಕಟಣೆಯ ಮೇಲೆ ಒಂದು ಕಣ್ಣಿಟ್ಟಿರಿ.

ಬೆಂಗಳೂರು ದೂರವಾಯಿತೆ? ನಿಮ್ಮೂರಿನ ಮಹಿಳಾ ಸಮಾಜದ ವಾರ್ಷಿಕೋತ್ಸವದಲ್ಲಿ, ಜಾತ್ರೆಯಲ್ಲಿ, ಶಾಲೆಯ ಅಂಗಳದಲ್ಲಿ ಒಂದು ದಿನದ ಪುಟ್ಟ ಚಿತ್ರಸಂತೆ ನಡೆಸಲು ಏನು ಬೇಕು? ನಾಲ್ಕು ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪು, ಊರಿನ ಡ್ರಾಯಿಂಗ್ ಮಾಸ್ತರರ ನೆರವು, ರಂಗೋಲಿ ಹಾಕುವ ಹತ್ತು ಕೈ. ಮೊದಲ ವರ್ಷ ನಾಲ್ಕೇ ಚಿತ್ರ ಮಾರಾಟವಾದರೂ ನಷ್ಟವೇನಿಲ್ಲ. ನಾಲ್ಕು ಮನೆಗಳಲ್ಲಿ ನಿಮ್ಮೂರಿನವರೇ ಬರೆದ ಚಿತ್ರ ಇದ್ದಂತಾಯಿತು, ಬರೆದ ನಾಲ್ವರಿಗೆ ಮುಂದಿನ ವರ್ಷಕ್ಕೂ ಬರೆಯುವ ಹುರುಪು ಬಂದಂತಾಯಿತು. ಏನಂತೀರಿ?