ಸೋಲಿಗರ ಲಂಟಾನ ಕಲೆ

ಲಂಟಾನ ಕಲೆಯು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟ ಪ್ರದೇಶದಲ್ಲಿ ರೂಢಿಯಲ್ಲಿರುವ ಒಂದು ಕರಕುಶಲಕಲೆ. ಕಾಡನ್ನು ಆವರಿಸಿಕೊಂಡಿರುವ ಲಂಟಾನ ಎಂಬ ವಿದೇಶಿ ಕಳೆಗಿಡದ ಕಾಂಡಗಳಿಂದ ಸೋಲಿಗ ಸಮುದಾಯದ ಕುಶಲಕರ್ಮಿಗಳು ಕುರ್ಚಿ, ಮೇಜು, ಬುಟ್ಟಿ, ಆಟಿಕೆ ಹಾಗೂ ಆನೆಯ ಪ್ರತಿಕೃತಿಗಳನ್ನು ತಯಾರಿಸುತ್ತಾರೆ. ಕಾಡಿಗೆ ಹೊರೆಯಾದ ಗಿಡವನ್ನು ಕಾಡಿನ ಜನರ ಜೀವನೋಪಾಯಕ್ಕೆ ಬಳಸಿಕೊಳ್ಳುವುದು ಮತ್ತು ಆ ಮೂಲಕ ಪೇಟೆಯ ಜನರ ಗಮನವನ್ನು ಕಾಡಿನತ್ತ ಸೆಳೆಯುವುದು ಇದರ ಉದ್ದೇಶ.

ಭೂಪ್ರದೇಶ ಮತ್ತು ಜನ

ಮಲೆ ಮಹದೇಶ್ವರ ಬೆಟ್ಟವು ಕೊಳ್ಳೇಗಾಲದಿಂದ ಬೇರ್ಪಟ್ಟು ರಚಿತವಾದ ಹನೂರು ತಾಲ್ಲೂಕಿನಲ್ಲಿದೆ. ಇಲ್ಲಿನ ಅರಣ್ಯವನ್ನು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದರ ಪಶ್ಚಿಮಕ್ಕೆ, ಯಳಂದೂರು ತಾಲ್ಲೂಕಿನಲ್ಲಿ, ಬಿಳಿಗಿರಿರಂಗನ ಬೆಟ್ಟವಿದ್ದು, ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಎರಡೂ ಬೆಟ್ಟಸಾಲುಗಳ ಮೂಲನಿವಾಸಿಗಳು ಸೋಲಿಗರು. ಇವರ ವಸತಿಗಳಿಗೆ ಪೋಡು ಎಂದು ಹೆಸರು.

ಸೋಲಿಗರಲ್ಲಿ ಕಲೆಯೂ ಕಾಡಿನ ಅರಿವೂ ಬೇರೆಬೇರೆಯಾಗಿ ಬೆಳೆದವಲ್ಲ. ಗೊರುಕನ ಹಾಡುಕುಣಿತವು ಈ ಸಮುದಾಯದ ಗುರುತೇ ಆಗಿದೆ. ಕಂಸಾಳೆಯವರು ಹಾಡುವ ಮಹದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಬರುವ ನೀಲೇಗೌಡ ಸೋಲಿಗನೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡನ್ನು 'ಯಲ್ಲೆ'ಗಳಾಗಿ ವಿಂಗಡಿಸಿ, ಪ್ರತಿ ಯಲ್ಲೆಯಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ ಎಂಬ ಐದು ನೆಲೆಗಳನ್ನು ಗುರುತಿಸುತ್ತಾರೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರವು ಇಂಥ ಪೂಜ್ಯ ತಾಣಗಳಲ್ಲಿ ಹೆಚ್ಚು ಪ್ರಸಿದ್ಧ. ಲಂಟಾನ ಕಲೆ ಇವುಗಳ ಮುಂದೆ ತೀರ ಹೊಸದು. ಇದು ಪರಂಪರೆಯಿಂದಲ್ಲ, ಅಭಾವದಿಂದ ಹುಟ್ಟಿತು.

ಲಂಟಾನ ಹರಡಿದ ಬಗೆ

ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಲಂಟಾನವನ್ನು ಅಲಂಕಾರದ ಹೂಗಿಡವಾಗಿ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಲಾಯಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆ ಹರಡಿದವು. ಎಲೆ ವಿಷಕಾರಿಯಾದ್ದರಿಂದ ದನಕರುಗಳು ಇದನ್ನು ಮೇಯುವುದಿಲ್ಲ. ಇದರ ದಟ್ಟ ಪೊದೆಯ ಕೆಳಗೆ ಹುಲ್ಲು ಬೆಳೆಯದು, ಮರಗಳ ಸಸಿಗಳೂ ಮೇಲೇಳುವುದು ಕಷ್ಟ. ಆನೆ, ಕಡವೆ, ಜಿಂಕೆಗಳ ಮೇವು ಹೀಗೆ ಕುಗ್ಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅಧ್ಯಯನಕ್ಕೆಂದು ಗುರುತಿಸಿದ ಜಾಗಗಳ ಪೈಕಿ 1997ರಲ್ಲಿ ಸುಮಾರು ಶೇ. 40ರಷ್ಟರಲ್ಲಿ ಲಂಟಾನ ಕಂಡುಬಂದಿತ್ತು. 2008ರ ವೇಳೆಗೆ ಈ ಪ್ರಮಾಣ ಸುಮಾರು ಶೇ. 80ಕ್ಕೆ ಏರಿತು.

ಈ ಹರಡುವಿಕೆಗೆ ಸೋಲಿಗರ ಹಿರಿಯರು ಕೊಡುವ ಕಾರಣ ಗಮನಾರ್ಹ. ಹಿಂದೆ ಅವರು ಬೇಸಿಗೆಯ ಮೊದಲಲ್ಲಿ, ನೆಲದ ಮೇಲಿನ ಒಣ ಎಲೆ ಮಾತ್ರ ಉರಿಯುವಷ್ಟು, 'ತರಗು ಬೆಂಕಿ' ಹಾಕುತ್ತಿದ್ದರು. ಬೆಂಕಿ ಬೇಗ ಹಾದುಹೋಗಿ ಕಳೆಯ ಸಸಿಗಳನ್ನು ಸುಡುತ್ತಿತ್ತು. ದೊಡ್ಡ ಮರಗಳಿಗೆ ಹಾನಿಯಾಗುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಕಾಡು ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಲಂಟಾನ ಬೆಳೆದದ್ದೂ, ನೆಲ್ಲಿ ಮರಗಳ ಮೇಲೆ 'ಉಪ್ಪಿಲು' ಎಂಬ ಬಂದಳಿಕೆ ಹೆಚ್ಚಿದ್ದೂ ಆ ಬಳಿಕವೇ ಎಂಬುದು ಅವರ ವಾದ. ವಿಜ್ಞಾನಿಗಳು ಇದನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕದೆ ಪರಿಶೀಲನೆಗೆ ಒಳಪಡಿಸಿದ್ದಾರೆ. ಆದರೆ ಹಳೆಯ ಪದ್ಧತಿಗೆ ಹಾಗೆಯೇ ಮರಳುವುದು ಈಗ ಸುಲಭವಲ್ಲ: ಆಳೆತ್ತರದ ಒಣ ಲಂಟಾನಕ್ಕೆ ಕಿಡಿ ತಾಗಿದರೆ ಜ್ವಾಲೆ ಮರದ ನೆತ್ತಿಯನ್ನೇ ಮುಟ್ಟುತ್ತದೆ.

ಕಲೆಯ ಆರಂಭ ಮತ್ತು ತಯಾರಿಕೆಯ ವಿಧಾನ

ಕಾಡಿನಲ್ಲಿ ಬಿದಿರು ಕಡಿಯಲು ನಿರ್ಬಂಧವಿದ್ದು, ಬಿದಿರೂ ವಿರಳವಾದಾಗ ಬುಟ್ಟಿ ಹೆಣೆಯುವವರಿಗೆ ಬದಲಿ ವಸ್ತು ಬೇಕಾಯಿತು. 2000ರ ದಶಕದಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಬಳಕೆಯ ತರಬೇತಿಯನ್ನು ಆರಂಭಿಸಿತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ತರುವಾಯ ಸಂರಕ್ಷಿತ ಅರಣ್ಯಗಳಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಮುಂತಾದವನ್ನು ಮಾರಾಟಕ್ಕೆ ಸಂಗ್ರಹಿಸುವುದು ಕಷ್ಟವಾಗಿದ್ದ ಕಾಲವದು. ಯಾರೂ ಬೇಡವೆನ್ನದ ಕಚ್ಚಾವಸ್ತುವೊಂದು ಕಾಡಿನಲ್ಲಿ ಹೇರಳವಾಗಿದ್ದರೆ ಅದು ಲಂಟಾನವೊಂದೇ ಆಗಿತ್ತು.

ಕೊಂಬೆ ಕಡಿಮೆಯಿರುವ ನೀಳ ಕಾಂಡಗಳನ್ನು ಆರಿಸಿ ಕಡಿದು, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಬೇಯಿಸುತ್ತಾರೆ. ಬೆಂದ ಕಾಂಡದ ಮುಳ್ಳುಸಹಿತ ತೊಗಟೆ ಸುಲಭವಾಗಿ ಸುಲಿದು ಬರುತ್ತದೆ. ಬಿಸಿಯಾರುವ ಮೊದಲೇ ಅದನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ, ಮೊಳೆ ಹೊಡೆದು ಚೌಕಟ್ಟಿಗೆ ಸೇರಿಸಬೇಕು. ತಣಿದರೆ ಕಾಂಡ ಬಿರುಸಾಗುತ್ತದೆ. ನಂತರ ಉಜ್ಜಿ ನುಣುಪುಗೊಳಿಸಿ ವಾರ್ನಿಷ್ ಹಚ್ಚುತ್ತಾರೆ. ನೋಟಕ್ಕೆ ಇದು ಬೆತ್ತವನ್ನು ಹೋಲುತ್ತದೆ. ಆಳೆತ್ತರದ ಆನೆಗಳಿಗೆ ಮಾತ್ರ ಒಳಗೆ ಕಬ್ಬಿಣದ ಸರಳಿನ ಚೌಕಟ್ಟು ಇರುತ್ತದೆ. ಅದರ ಮೇಲೆ ಸಣ್ಣ ಕಾಂಡಗಳನ್ನು ಒತ್ತೊತ್ತಾಗಿ ಜೋಡಿಸಿದಾಗ ಚರ್ಮದ ಮಡಿಕೆಗಳೂ ಸ್ನಾಯುಗಳ ಉಬ್ಬೂ ಮೂಡುತ್ತವೆ.

ಆನೆಗಳ ಪಯಣ

ಆನೆಯ ಪ್ರತಿಕೃತಿಗಳು ಹೊರಜಗತ್ತಿಗೆ ಪರಿಚಿತವಾದದ್ದು ನೀಲಗಿರಿಯ ಗೂಡಲೂರು ಭಾಗದ 'ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್' ಮೂಲಕ. ಅಲ್ಲಿನ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್ ಸಮುದಾಯದವರೊಂದಿಗೆ ಸೋಲಿಗರೂ ಇದರಲ್ಲಿ ದುಡಿದಿದ್ದಾರೆ. ಪ್ರತಿಯೊಂದು ಪ್ರತಿಕೃತಿಯೂ ಜನವಸತಿಯ ನಡುವೆ ಓಡಾಡುವ ನಿಜವಾದ ಒಂದು ಆನೆಯನ್ನು ಆಧರಿಸಿರುತ್ತದೆ. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಲಂಟಾನದ ಆನೆಗಳನ್ನು ಪ್ರದರ್ಶಿಸಲಾಯಿತು. ಅದೇ ವರ್ಷ ಜುಲೈಯಿಂದ 100 ಆನೆಗಳ ಹಿಂಡು ಅಮೆರಿಕದ ನ್ಯೂಪೋರ್ಟ್, ನ್ಯೂಯಾರ್ಕ್, ಮಯಾಮಿ ನಗರಗಳಲ್ಲಿ ಸಂಚರಿಸಿತು. ಮಾರಾಟದ ಹಣ ಮನುಷ್ಯ ಮತ್ತು ವನ್ಯಪ್ರಾಣಿಗಳ ಸಹಬಾಳ್ವೆಯ ಕೆಲಸಗಳಿಗೆ ಸಲ್ಲುತ್ತದೆ.

ರಾತ್ರಿ ರಾಗಿ ಹೊಲ ಕಾಯುವ ಹನೂರಿನ ರೈತನಿಗೆ ಆನೆ ಉದ್ಯಾನದ ಶಿಲ್ಪವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಪ್ರದರ್ಶನವನ್ನು ಮೆಚ್ಚುವವರು ಆನೆಯೊಡನೆ ಬಾಳುವ ಹೊರೆಯನ್ನು ಹೊರುವವರಲ್ಲ.

ಮಿತಿಗಳು

ಕರಕುಶಲ ಬಳಕೆಯಿಂದಲೇ ಲಂಟಾನ ನಿರ್ಮೂಲವಾಗುತ್ತದೆ ಎಂಬ ಮಾತು ಸರಿಯಲ್ಲ. ಕುಶಲಕರ್ಮಿಗೆ ಬೇಕಾದದ್ದು ನೀಳ ಕಾಂಡ. ಬೇರು ನೆಲದಲ್ಲೇ ಉಳಿಯುತ್ತದೆ, ಕಡಿದ ಬುಡ ಮತ್ತೆ ಚಿಗುರುತ್ತದೆ. ಗಿಡ ಸಾಯಬೇಕಾದರೆ ಅದನ್ನು ನೆಲಮಟ್ಟದ ಕೆಳಗೆ, ಬೇರಿನ ಕತ್ತಿನಲ್ಲಿ ಕಡಿದು ಕಿತ್ತು ತಲೆಕೆಳಗಾಗಿಡಬೇಕು. ತೆರವಾದ ಜಾಗದಲ್ಲಿ ಹುಲ್ಲನ್ನೂ ಸ್ಥಳೀಯ ಸಸ್ಯಗಳನ್ನೂ ಬೆಳೆಸಿ ವರ್ಷಗಟ್ಟಲೆ ಕಾಯಬೇಕು. ಇದಕ್ಕೆ ಆ ನೆಲದಲ್ಲಿ ನೆಲೆನಿಂತವರೇ ಬೇಕಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಮಾನ್ಯತೆ ದೇಶದಲ್ಲೇ ಮೊದಲನೆಯದು. ಕಾಡನ್ನು ನಿರ್ವಹಿಸುವ ಹಕ್ಕೂ ಆ ಕಾಯ್ದೆಯಲ್ಲಿ ಸೇರಿದೆ.