ಮುರುಗಲ ಸಿಪ್ಪೆಯೂ ರೋಗಾಣುಗಳೂ

ಸಿದ್ದಾಪುರ ತಾಲೂಕಿನ ನಿಲ್ಕುಂದದ ಸುತ್ತಣ ಸೀಮೆಯಲ್ಲಿ ಮುರುಗಲ ಮರವನ್ನು ಅರಿಯದವರುಂಟೆ? ಹಣ್ಣಿನ ಸಿಪ್ಪೆಯು ಸಾರಿಗೂ ಪಾನಕಕ್ಕೂ, ಬೀಜದ ತುಪ್ಪವು ಒಡೆದ ಹಿಮ್ಮಡಿಗೂ ಸಲ್ಲುವುದೆಂದು ಹಿರಿಯರು ಬಲ್ಲರು. ಇಂಥ ಸಸ್ಯಕ್ಕೆ ರೋಗಾಣುಗಳನ್ನು ತಡೆಯುವ ಗುಣವುಂಟೋ ಇಲ್ಲವೋ ಎಂದು ಶಾಸ್ತ್ರಜ್ಞರು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಒಣಗಿಸಿ ಪುಡಿ ಮಾಡಿದ ಸಿಪ್ಪೆಯನ್ನು ಮದ್ಯಸಾರದಲ್ಲಿ ನೆನೆಯಿಟ್ಟು, ಸೋಸಿ, ಸತ್ವವನ್ನು ತೆಗೆಯುವರು. ಕಡಲ ಪಾಚಿಯಿಂದಾದ ಅಗರ್ ಎಂಬ ಅಂಟನ್ನು ಪೋಷಕ ದ್ರವ್ಯಗಳೊಡನೆ ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಹುಣ್ಣಿನಲ್ಲಿ ಕೀವನ್ನುಂಟುಮಾಡುವ ಸ್ಟಫೈಲೊಕಾಕಸ್ ಮುಂತಾದ ಅಣುಜೀವಿಗಳನ್ನು ಅದರ ಮೇಲೆ ಸವರಿ, ನಡುವೆ ಕೊರೆದ ಕುಳಿಗೆ ಸತ್ವವನ್ನು ಹನಿಸುವರು. 37 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಒಂದು ಹಗಲಿರುಳು ಇಟ್ಟರೆ ತಟ್ಟೆಯೆಲ್ಲ ಮಂಜು ಕವಿದಂತಾಗುವುದು. ಸತ್ವವು ಕೆಲಸ ಮಾಡಿದ್ದಾದರೆ ಕುಳಿಯ ಸುತ್ತ ತಿಳಿಯಾದ ಬಳೆಯೊಂದು ಉಳಿಯುವುದು. ಅದನ್ನು ಮಿಲ್ಲಿಮೀಟರುಗಳಲ್ಲಿ ಅಳೆಯುವರು. ಮದ್ಯಸಾರವೇ ಅಣುಜೀವಿಗಳನ್ನು ಕೊಲ್ಲಬಲ್ಲದಷ್ಟೆ. ಆದುದರಿಂದ ಬರಿಯ ಮದ್ಯಸಾರದ ಕುಳಿಯೊಂದನ್ನೂ ಪಕ್ಕದಲ್ಲಿ ಇಡತಕ್ಕದ್ದು. ಈ ಸಾಕ್ಷಿಯಿಲ್ಲದ ಪರೀಕ್ಷೆಗೆ ನಾವು ಕಾಸಿನ ಬೆಲೆಯನ್ನೂ ಕೊಡೆವು.

ಮುರುಗಲ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಹಳದಿ ವಸ್ತುವು, ಮೆಥಿಸಿಲಿನ್ ಔಷಧಕ್ಕೂ ಬಗ್ಗದ ಸ್ಟಫೈಲೊಕಾಕಸನ್ನು ತಡೆಯುವುದೆಂದು 1996ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಆದರೆ ಅದು ನೀರಿನಲ್ಲಿ ಕರಗಲೊಲ್ಲದು. ಮದ್ಯಸಾರದ ಸತ್ವದಲ್ಲಿ ಕಂಡ ಗುಣವು ಮನೆಯ ಕಷಾಯದಲ್ಲಿಯೂ ಇರುವುದೆಂದು ನೆಚ್ಚಿ, ಮಗುವಿನ ಗಾಯ ಕೀವುಗಟ್ಟಿ ಜ್ವರವೇರಿದಾಗ ವೈದ್ಯರಲ್ಲಿಗೆ ಹೋಗಲು ತಡಮಾಡುವ ತಾಯಂದಿರಿಗೆ ಈ ಭೇದವು ತಿಳಿದಿರಬೇಕು.

ಬಳೆಯ ಅಗಲವೂ ಪೂರ್ಣ ಪ್ರಮಾಣವಲ್ಲ. ಅಗರಿನಲ್ಲಿ ಹರಡಲಾರದ ವಸ್ತು ಬಲವುಳ್ಳದ್ದಾದರೂ ಕಿರುಬಳೆಯನ್ನೇ ಬಿಡುವುದು. ಅದಕ್ಕಾಗಿ ಸತ್ವವನ್ನು ಕೊಳವೆಯಿಂದ ಕೊಳವೆಗೆ ಅರ್ಧರ್ಧವಾಗಿ ತೆಳುಮಾಡುತ್ತ, ಎಷ್ಟು ಅಲ್ಪದವರೆಗೆ ಅಣುಜೀವಿಗಳ ಬೆಳವಣಿಗೆ ನಿಲ್ಲುವುದೆಂದು ನೋಡುವರು. ಅದೇ ಪ್ರಮಾಣವು ಮನುಷ್ಯನ ಜೀವಕಣಗಳಿಗೆ ವಿಷವಾಗುವುದೋ ಎಂಬ ಪರೀಕ್ಷೆ ಅದರ ತರುವಾಯದ್ದು.